ಎಣ್ಣೆಗಾಣದ ಬೀದಿಯ ಮೊದಲ ನೀರು

ಗುಂಡ್ಲುಪೇಟೆಯ ಎಣ್ಣೆಗಾಣದ ಬೀದಿಯಲ್ಲಿ ಈಗ ಗಾಣವೂ ಇಲ್ಲ, ಎಣ್ಣೆಯೂ ಇಲ್ಲ. ಇರುವುದು ಇಪ್ಪತ್ತೆಂಟು ಮನೆ, ಮನೆಗೊಂದು ನಲ್ಲಿ, ನಲ್ಲಿಯ ಬಗ್ಗೆ ತಲೆಗೊಂದು ಅಭಿಪ್ರಾಯ. ತೊಂಬತ್ತೈದನೇ ಇಸವಿ ಮಾರ್ಚ್ ತಿಂಗಳಲ್ಲಿ ಆ ಬೀದಿಗೆ ವಾಂತಿಭೇದಿ ಹೊಕ್ಕಿತು. ಹದಿನೈದು ದಿನದೊಳಗೆ ಹದಿನೆಂಟು ಜನ ಹಾಸಿಗೆ ಹಿಡಿದರು. ಬೆಲ್ಲದ ಮಂಡಿ ದೊಡ್ಡಮಲ್ಲಪ್ಪನವರ ಮೊಮ್ಮಗಳು ಪುಟ್ಟಿಗೆ ಇನ್ನೂ ಐದು ವರ್ಷ. ಆ ಮಗು ಆಸ್ಪತ್ರೆಯಲ್ಲಿ ಕೈಗೆ ಡ್ರಿಪ್ಪು ಚುಚ್ಚಿಸಿಕೊಂಡು, ತಾತ ಕರೆದರೂ ಓಗೊಡದೆ ಮಲಗಿತ್ತು. ಅಷ್ಟಾದ ಮೇಲೆ ಬೀದಿ ಸುಮ್ಮನಿದ್ದೀತೇ?

ಬೀದಿಯವರು ಅರಳಿಕಟ್ಟೆಯ ಮೇಲೆ ಕೂತು ಯೋಚಿಸಿದರು. ಬಹಳ ಹೊತ್ತೇನೂ ಹಿಡಿಯಲಿಲ್ಲ. ಕೆಟ್ಟಿರುವುದು ನೀರು. ಹೊಸದಾಗಿ ಬಂದದ್ದು ಕೆಳಗಲ ಕೇರಿಯ ನಲ್ಲಿ. ಅಂದ ಮೇಲೆ ಇನ್ನೇನು ಉಳಿಯಿತು? ಅರ್ಜಿ ಬರೆದು ಇಪ್ಪತ್ತೆಂಟು ಮನೆಯ ಸಹಿ ಹಾಕಿಸಿ ಪುರಸಭೆ ಆಫೀಸಿಗೆ ಕೊಟ್ಟೇಬಿಟ್ಟರು: ಕೇರಿಯ ಲೈನು ಕತ್ತರಿಸಬೇಕು.

ಬೀದಿಯದು ಇಳಿಜಾರು ನೆಲ. ಮೇಲ್ತುದಿಯ ಅರಳಿಕಟ್ಟೆಯ ಬಳಿ ವಾಲ್ವು. ಅಲ್ಲಿಂದ ಪೈಪು ಬೀದಿಯುದ್ದ ಇಳಿದು ಕೆಳಗಲ ಕೇರಿಯಲ್ಲಿ ಮುಗಿಯುತ್ತದೆ. ಕೇರಿಯಲ್ಲಿ ಕೂಲಿನಾಲಿ ಮಾಡುವವರ ನಲವತ್ತು ಮನೆ, ಎಲ್ಲರಿಗೂ ಸೇರಿ ಒಂದೇ ನಲ್ಲಿ, ಅದೂ ಬಂದು ಬರೀ ಎರಡು ತಿಂಗಳು. ಅದಕ್ಕೆ ಮುಂಚೆ ಅಲ್ಲಿನ ಹೆಂಗಸರು ಊಟಿ ರಸ್ತೆ ದಾಟಿ, ಲಾರಿಗಳಿಗೆ ಸಿಕ್ಕದ ಹಾಗೆ ನೋಡಿಕೊಂಡು, ತೋಟದ ಬಾವಿಯಿಂದ ನೀರು ಹೊರುತ್ತಿದ್ದರು. ಊರಿಗೆಲ್ಲ ನೀರು ಬಿಡುವ ಪುಟ್ಟಮಾದಯ್ಯನ ಹೆಂಡತಿ ದೊಡ್ಡಮಾದಮ್ಮನೂ ಅವರಲ್ಲೊಬ್ಬಳು. ಹದಿನೆಂಟು ವರ್ಷದಿಂದ ಆ ಮನುಷ್ಯ ದಿನಗೂಲಿಯ ಮೇಲೆ ಊರಿನ ವಾಲ್ವು ತಿರುಗಿಸುತ್ತಿದ್ದ. ಅವನ ಮನೆಯ ಕೊಡ ಮಾತ್ರ ಬಾವಿಗೇ ಹೋಗುತ್ತಿತ್ತು. ಆರು ವರ್ಷ ಕಂಡಕಂಡವರ ಕಾಲು ಹಿಡಿದು ಆ ಒಂದು ನಲ್ಲಿ ಹಾಕಿಸಿದ್ದ. ಈಗ ಅದೂ ಹೋಗುವ ಕಾಲ ಬಂದಿತ್ತು.

ಮೊದಲು ಅಗೆತ ನಡೆಯಿತು. ನೆಲ ಅಗೆದರೆ ಎಲ್ಲರಿಗೂ ಒಂಥರಾ ಸಮಾಧಾನ, ಏನೋ ಕೆಲಸ ಆಗುತ್ತಿದೆ ಅಂತ. ಪೈಪು ಚರಂಡಿ ದಾಟುವ ಮೂರು ಕಡೆ ಗುಂಡಿ ತೋಡಿದರು. ಮೂರರಲ್ಲೂ ಪೈಪು ಒಣಗಿಕೊಂಡು ಗಟ್ಟಿಮುಟ್ಟಾಗಿತ್ತು. ಪುಟ್ಟಮಾದಯ್ಯ ಕಬ್ಬಿಣದ ಸಲಾಕೆಯ ಒಂದು ತುದಿಯನ್ನು ಪೈಪಿಗೆ ಒತ್ತಿ, ಇನ್ನೊಂದು ತುದಿಗೆ ಕಿವಿ ಕೊಟ್ಟು, ಬೀದಿಯುದ್ದಕ್ಕೂ ಕೇಳಿಕೊಂಡು ಬಂದ. ಸೋರುವ ಪೈಪು ಒಳಗೊಳಗೇ ಸುಯ್ಯೆನ್ನುತ್ತದೆ, ಹದಿನೆಂಟು ವರ್ಷ ಕೇಳಿದವನಿಗೆ ಅದು ತಪ್ಪುವುದಿಲ್ಲ. ಎಲ್ಲೂ ಆ ಸದ್ದಿರಲಿಲ್ಲ. ಟ್ಯಾಂಕಿಗೆ ಬ್ಲೀಚಿಂಗ್ ಪೌಡರ್ ಕಲಸಿ ಸುರಿದವನೂ ಅವನೇ. ಅದೇ ಟ್ಯಾಂಕಿನ ನೀರು ಕುಡಿಯುವ ಬೇರೆ ಬೀದಿಗಳ ಜನ ಆರಾಮಾಗಿದ್ದರು. ನೀರಿನ ಸ್ಯಾಂಪಲ್ಲು ಮೈಸೂರಿಗೆ ಹೋಗಿತ್ತು, ಉತ್ತರ ಬರಲು ಇನ್ನೂ ಹತ್ತು ದಿನ ಅಂದಿದ್ದರು.

ಸೋಮವಾರ ಸಂಜೆ ಇಂಜಿನಿಯರ್ ಶಂಕರ್ ಅರಳಿಕಟ್ಟೆಗೆ ಬಂದ. ಚಾಮರಾಜನಗರದಿಂದ ದಿನಾ ಬಸ್ಸಿನಲ್ಲಿ ಓಡಾಡುವ ಹುಡುಗ, ಕೆಲಸಕ್ಕೆ ಸೇರಿ ವರ್ಷ ತುಂಬಿರಲಿಲ್ಲ. ಜನ ಸುತ್ತುವರಿದಾಗ ಬೆವರುತ್ತಿದ್ದ.

"ನೋಡಪ್ಪಾ ಇಂಜಿನಿಯರೇ," ಅಂದರು ದೊಡ್ಡಮಲ್ಲಪ್ಪನವರು. "ನಲವತ್ತು ವರ್ಸ ಈ ನಲ್ಲಿ ನೀರು ಕುಡ್ದಿವ್ನಿ. ಒಂದಿನ ಹೊಟ್ಟೆನೋವು ಅಂದವನಲ್ಲ. ಆ ನಲ್ಲಿ ಬಂದ್ಮೇಲೆ ಹಿಂಗಾದ್ರೆ ಏನಂತ ತಿಳ್ಕಳನ?"

ಪುಟ್ಟಮಾದಯ್ಯನಿಗೆ ತಡೆಯಲಾಗಲಿಲ್ಲ. "ಕೆಳಗಲ ನೀರು ಮೇಲಕ್ಕೆ ಯಂಗೆ ಬತ್ತದ ಬುದ್ದಿ?"

"ಅದ ನನ್ನ ಯಾಕ್ಲಾ ಕೇಳೈ? ನೀರು ಬುಡೋನು ನೀನು. ನೀನೇ ಯೋಳು."

ದೊಡ್ಡಮಲ್ಲಪ್ಪನವರು ಕೆಟ್ಟ ಮನುಷ್ಯರೇನಲ್ಲ. ಮೂರು ದಿನದಿಂದ ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಕೂತು ಅವರ ಕಣ್ಣು ಗುಳಿಬಿದ್ದಿದ್ದವು. ಅದು ಗೊತ್ತಿದ್ದುದರಿಂದಲೇ ಪುಟ್ಟಮಾದಯ್ಯ ಮರುಮಾತಾಡಲಿಲ್ಲ. ಶಂಕರ್ ಕರ್ಚೀಫಿನಿಂದ ಕುತ್ತಿಗೆ ಒರೆಸಿಕೊಂಡು, ಯಾರ ಮುಖವನ್ನೂ ನೋಡದೆ ಹೇಳಿದ: "ಗುರುವಾರ ಬೆಳಗ್ಗೆ ನೀರು ಬಿಡ್ತೀವಿ. ಅಷ್ಟರೊಳಗೆ ಕಾರಣ ಸಿಕ್ಕಿದ್ರೆ ಸರಿ. ಸಿಗದಿದ್ರೆ ಎಂಟು ಗಂಟೆಗೆ ಕೇರಿ ಲೈನಿಗೆ ಡಮ್ಮಿ ಹಾಕಿ ಬಾಯಿ ಮುಚ್ಚಿಸಿಬಿಡ್ತೀನಿ."

ಸೋಮವಾರ ಮುಗಿದೇಹೋಗಿತ್ತು. ಪುಟ್ಟಮಾದಯ್ಯನ ಕೈಲಿದ್ದದ್ದು ಮಂಗಳವಾರ, ಬುಧವಾರ.

ಮಂಗಳವಾರ ಬೆಳಗ್ಗೆ ಅವನು ಮನೆಮನೆ ಸುತ್ತಿದ. ಯಾರಿಗೆ ಆಗಿದೆ, ಯಾವತ್ತು ಶುರುವಾಯಿತು, ನೀರು ಯಾವಾಗ ಹಿಡಿದಿರಿ ಅಂತ ಕೇಳುವುದು. ಕೆಲವರು ಬಾಗಿಲಿಗೆ ಅಡ್ಡ ನಿಂತೇ ಉತ್ತರ ಕೊಟ್ಟರು. ಒಬ್ಬಾಕೆ "ಮಾಡೋದೆಲ್ಲ ಮಾಡ್ಬುಟ್ಟು ಕೇಳಕ್ಕೆ ಬೇರೆ ಬಂದವ್ನೆ" ಅಂತ ಒಳಗಿನಿಂದಲೇ ಅಂದಳು. ಅವನು ಕೇಳಿಸಿಕೊಳ್ಳದವನ ಹಾಗೆ ಮುಂದಿನ ಮನೆಗೆ ಹೋದ.

ಬೀದಿಯ ನಡುಮಧ್ಯದ ಮನೆ ಶಾಂತಮಲ್ಲಮ್ಮನದು. ಅರವತ್ತರ ವಿಧವೆ, ತವರು ಹರವೆ, ಎರಡು ಹಸು ಕಟ್ಟಿಕೊಂಡು ಹಾಲು ಮಾರುವವಳು. ಮೇಲಿನಿಂದ ಕೈಗೆ ಸುರಿಯುವವರ ಬೀದಿಯಲ್ಲಿ ಪುಟ್ಟಮಾದಯ್ಯನಿಗೆ ಲೋಟ ಕೈಗಿಟ್ಟು ಮಜ್ಜಿಗೆ ಕೊಡುತ್ತಿದ್ದವಳು ಇವಳೊಬ್ಬಳೇ. ಆವತ್ತೂ ಕೊಟ್ಟಳು.

"ನಮ್ಮನೇಲಿ ಯಾರ್ಗೂ ಏನೂ ಆಗಿಲ್ಲ ಕಣ ಮಾದಯ್ಯ. ಎಲ್ಲ ಗೋಮಾತೆ ಕಾಯ್ತಾವ್ಳೆ," ಅಂದು ಕೊಟ್ಟಿಗೆಯ ಕಡೆ ಕೈ ಮುಗಿದಳು. "ಆ ನಲ್ಲಿ ಮಾತ್ರ ಕೀಳುಸ್ಬೇಡಿ ಕಣಪ್ಪ. ಹೆಣ್ಮಕ್ಳು ಕೊಡ ಹೊತ್ಕಂಡು ಆ ರಸ್ತೆ ದಾಟೋದ ನೋಡಿದ್ರೆ ನನ್ ಜೀವ ಬಾಯಿಗೆ ಬತ್ತದ."

ಅವನು ಮಜ್ಜಿಗೆ ಕುಡಿದು, ಲೋಟ ತೊಳೆದಿಟ್ಟು ಎದ್ದ.

ಅವಳ ಮನೆಯಿಂದ ಕೆಳಕ್ಕೆ ಹೋದ ಹಾಗೆ ಕಾಯಿಲೆ ಜಾಸ್ತಿ. ಮನೆಗೊಬ್ಬರು, ಕೆಲವು ಮನೆಯಲ್ಲಿ ಇಬ್ಬರು. ಆದರೆ ಆ ಸಾಲಿನಲ್ಲೇ ಒಂದು ಮನೆ, ಬಸ್ ಕಂಡಕ್ಟರನ ಹೆಂಡತಿ ಭಾನುವಿನದು, ಎಲ್ಲರೂ ಕಲ್ಲುಗುಂಡಿನ ಹಾಗಿದ್ದರು. ಭಾನು ಬೀದಿಗೆಲ್ಲ ಹೆಸರಾದ ನಿದ್ದೆಬುರುಕಿ.

"ನಾನು ಏಳೋದೇ ಏಳು ಗಂಟೆಗೆ ಕಣಣ್ಣ," ಅಂತ ನಾಚಿಕೊಂಡೇ ಹೇಳಿದಳು. "ನೀನು ನೀರು ನಿಲ್ಸೋ ಹೊತ್ಗೆ ಎದ್ನೋ ಬಿದ್ನೋ ಅಂತ ನಾಕು ಕೊಡ ಹಿಡ್ಕತೀನಿ. ನಮ್ಮತ್ತೆ ಕೈಲಿ ಅನ್ನಿಸ್ಕಳದ ದಿನ ಇಲ್ಲ."

ಪುಟ್ಟಮಾದಯ್ಯ ಮೂರು ಹೆಜ್ಜೆ ಹೋದವನು ಗಕ್ಕನೆ ನಿಂತ. ಆ ಬೀದಿಯಲ್ಲಿ ಮೊದಲ ನೀರಿಗೆ ಒಂದು ಮರ್ಯಾದೆ ಉಂಟು. ಸೋಮವಾರ, ಗುರುವಾರ ಬೆಳಗಿನ ಐದೂವರೆಗೆ ನೀರು ಬರುತ್ತಿದ್ದ ಹಾಗೆ ಮೊದಲ ಕೊಡ ಮೀಸಲು: ಯಾರೂ ಮುಟ್ಟದ ನೀರು, ದೇವರಿಗೆ, ಅಡುಗೆಗೆ, ಕುಡಿಯುವುದಕ್ಕೆ. ಆಮೇಲೆ ಬರುವುದು ಬಚ್ಚಲಿಗೆ, ಬಟ್ಟೆಗೆ. ಸ್ನಾನ ಮಾಡಿ, ತಲೆಗೆ ನೀರು ಹಾಕಿಕೊಂಡು ಮೀಸಲು ಹಿಡಿಯುವ ಸೊಸೆಯೆಂದರೆ ಅತ್ತೆಗೆ ಹೆಮ್ಮೆ. ಅವನು ಬೆರಳು ಮಡಿಚಿ ಎಣಿಸಿ ನೋಡಿದ. ಮಲಗಿದ್ದ ಮನೆಗಳೆಲ್ಲ ಅಂಥ ಶಿಸ್ತಿನ ಮನೆಗಳೇ. ಆ ಸಾಲಿನಲ್ಲಿ ಸೋಮಾರಿ ಮನೆ ಒಂದೇ ಗಟ್ಟಿಯಾಗಿ ನಿಂತಿತ್ತು. ಇದನ್ನು ಬಾಯಿಬಿಟ್ಟು ಹೇಳಿದರೆ ಅತ್ತೆಯಂದಿರು ಪೊರಕೆ ತಗೊಳ್ಳುತ್ತಾರೆ ಅನ್ನಿಸಿ, ಅಷ್ಟು ಬೇಜಾರಿನಲ್ಲೂ ಅವನಿಗೆ ನಗು ಬಂತು.

ಅಂದರೆ ಕೊಳೆ ಟ್ಯಾಂಕಿನಿಂದ ಬರುತ್ತಿಲ್ಲ. ಟ್ಯಾಂಕಿನದಾದರೆ ಮೊದಲ ನೀರೂ ಒಂದೇ, ಕೊನೆಯ ನೀರೂ ಒಂದೇ. ನೀರು ನಿಂತಿರುವ ಎರಡು ಮೂರು ದಿನ ಕೊಳೆ ಪೈಪಿನೊಳಗೇ ಕೂತು, ನೀರು ಬಿಟ್ಟ ತಕ್ಷಣ ಎಲ್ಲಕ್ಕೂ ಮುಂಚೆ ಆಚೆ ಬರುತ್ತಿದೆ. ಅಲ್ಲಿಯವರೆಗೆ ಸರಿ. ಆದರೆ ಶಾಂತಮಲ್ಲಮ್ಮ ನಾಲ್ಕಕ್ಕೇ ಏಳುವವಳು, ಅವಳ ಮನೆಗೆ ಯಾಕೆ ಏನೂ ಆಗಿಲ್ಲ? ಅದೊಂದು ಅವನಿಗೆ ಬಗೆಹರಿಯಲಿಲ್ಲ.

ಸಂಜೆ ಮನೆಯ ಜಗಲಿಯಲ್ಲಿ ಕೂತು ಹೆಂಡತಿಗೆ ಇದನ್ನೆಲ್ಲ ಹೇಳಿದ. ಕೇರಿಯಲ್ಲಿ ಕಾಯಿಲೆ ಬಿದ್ದವರು ಇಬ್ಬರೇ. ಬೀದಿಯವರ ಬಾಯಿಗೆ ಅದೂ ಒಂದು ಮಾತಾಗಿತ್ತು: ನಮಗೆ ಹಚ್ಚಿ ತಾವು ಚೆನ್ನಾಗಿದ್ದಾರೆ ಅಂತ.

"ನಾವೆಲ್ಲಿ ಮೊದಲ್ನೀರು ಕುಡುದ್ವು?" ಅಂದಳು ದೊಡ್ಡಮಾದಮ್ಮ. "ಮೊದಲ ನಾಕು ಬಿಂದಿಗೇಲಿ ನಾನು ನಲ್ಲಿ ಕಟ್ಟೆ ತೊಳಿತೀನಿ. ಇಷ್ಟು ವರ್ಸಕ್ಕೆ ಬಂದ ನಲ್ಲಿ, ಕಟ್ಟೆ ಗಲೀಜಾಗಿದ್ರೆ ನೋಡಕಾಯ್ತದಾ? ಅದೂ ಅಲ್ದೆ ಈಚೆಗೆ ಮೊದಲ್ನೀರು ಹುಳ್ಳಗೆ ನಾತ ಬತ್ತದ."

"ಹುಳ್ಳಗೆ ಅಂದ್ರೆ?"

"ಕಲಗಚ್ಚು ನಾತ. ನಲ್ಲಿ ಬಾಯಿಗೆ ನಾನು ಬಟ್ಟೆ ಕಟ್ಟಿವ್ನಲ್ಲ, ಅದ್ರಲ್ಲಿ ಹೊಟ್ಟು ಸಿಕ್ಕಂಡಿರ್ತದ. ಬೂಸಾನೋ ಏನೋ. ಒಗ್ದು ಒಣಾಕ್ತೀನಿ."

ಪುಟ್ಟಮಾದಯ್ಯ ಅವಳನ್ನೇ ದಿಟ್ಟಿಸಿದ. "ಹದಿನೈದು ದಿನದಿಂದ ನನ್ಗ್ಯಾಕೆ ಯೋಳ್ನಿಲ್ಲ ಕಣಮ್ಮಿ?"

"ನೀನ್ ಕೇಳ್ದ್ಯಾ? ಊರೋರ ಮನೆ ಬಾಗ್ಲೆಲ್ಲ ತಟ್ಕಂಡು ಬಂದೆ, ಮನೇಲಿರೋಳ ಕೇಳಕೆ ಇವತ್ತು ಬಿಡುವಾಯ್ತು."

ಕಲಗಚ್ಚು ಅಂದರೆ ದನದ ಬಾನಿಯ ನೀರು: ಅಕ್ಕಿ ತೊಳೆದದ್ದು, ಗಂಜಿ, ಬೂಸಾ, ಬೇಯಿಸಿದ ಹುರುಳಿ, ಎಲ್ಲ ಸೇರಿ ಹುಳಿಯೊಡೆದದ್ದು. ದನ ಕಟ್ಟಿದವರು ಬೀದಿಯಲ್ಲಿ ಆರೇಳು ಮನೆ. ಯಾರದು ಅಂತ ಹೇಗೆ ಹೇಳುವುದು? ಯೋಚಿಸುತ್ತಾ ಕೂತವನಿಗೆ ಆ ಬಟ್ಟೆಯೇ ದಾರಿ ತೋರಿಸಿತು. ಎಲ್ಲ ನಲ್ಲಿಗೂ ಒಂದೊಂದು ಬಿಳಿ ಬಟ್ಟೆ ಕಟ್ಟಿಸಿ ಮೊದಲ ನೀರು ಹಾಯಿಸಿದರೆ, ಹೊಟ್ಟು ಎಲ್ಲಿಂದ ಶುರುವಾಗುತ್ತದೆ ಅಂತ ಕಣ್ಣಿಗೇ ಕಾಣಬೇಕು. ಹಬ್ಬದ ಪಂಚೆಯನ್ನು ಹರಿದು ತುಂಡು ಮಾಡೋಣ ಅಂತ ಎದ್ದ.

"ಬುಡು, ಕೂತ್ಕ," ಅಂದಳು ದೊಡ್ಡಮಾದಮ್ಮ. "ನೀನುಟ್ಟ ಪಂಚೆ ಅವ್ರ್ ಮೀಸ್ಲು ನೀರಿಗೆ ಕಟ್ಟಾರಾ?"

ಮಾತು ಚುಚ್ಚಿತು, ನಿಜವೂ ಆಗಿತ್ತು. ಬುಧವಾರ ಬೆಳಗ್ಗೆ ಅವನು ಆಸ್ಪತ್ರೆಗೆ ಹೋಗಿ ನರ್ಸ್ ಗಂಗಾಂಬಿಕೆಯನ್ನು ಕಂಡ. ಹದಿನೈದು ದಿನದಿಂದ ಬೀದಿಯ ಜನಕ್ಕೆ ಡ್ರಿಪ್ಪು ಹಾಕಿ ಹಾಕಿ ಸೋತಿದ್ದ ಆ ಹೆಂಗಸು ಪೂರ್ತಿ ಮಾತು ಕೇಳುವ ಮೊದಲೇ ಗಾಯಕ್ಕೆ ಕಟ್ಟುವ ಬಟ್ಟೆಯ ಎರಡು ಸುರುಳಿ ತೆಗೆದುಕೊಟ್ಟು, "ನಾನೇ ಬಂದು ಕಟ್ತೀನಿ ನಡಿ. ಆಸ್ಪತ್ರೆ ಬಟ್ಟೆ ಅಂದ್ರೆ ಯಾರೂ ಬ್ಯಾಡ ಅನ್ನಲ್ಲ" ಅಂದಳು. ಶಂಕರನನ್ನು ಒಪ್ಪಿಸುವುದೂ ಕಷ್ಟವಾಗಲಿಲ್ಲ. ಅವನಿಗೂ ಡಮ್ಮಿ ಹಾಕಲು ಮನಸ್ಸಿರಲಿಲ್ಲ, ಬೇಡ ಅನ್ನಲು ಧೈರ್ಯ ಬೇಕಿತ್ತು, ಅಷ್ಟೇ. "ಎಂಟು ಗಂಟೆ ಮಾತ್ರ ಎಂಟು ಗಂಟೆನೇ ಪುಟ್ಟಮಾದಯ್ಯ," ಅಂದ. "ಪ್ಲಂಬರಿಗೆ ಹೇಳಾಗಿದೆ."

ಗುರುವಾರ ಐದೂವರೆಗೆ ಪುಟ್ಟಮಾದಯ್ಯ ವಾಲ್ವು ತಿರುಗಿಸಿದ. ಮೊದಲು ಪೈಪಿನ ಗಾಳಿ ಬುಸುಗುಟ್ಟಿತು, ಹಿಂದೆಯೇ ನೀರು. ಹತ್ತು ನಿಮಿಷ ಎಣಿಸಿ, ಕೀಲಿಯನ್ನು ಅಲ್ಲೇ ಬಿಟ್ಟು, ಬೀದಿ ಇಳಿಯತೊಡಗಿದ. ಜೊತೆಗೆ ಶಂಕರ್, ಗಂಗಾಂಬಿಕೆ, ಅವರ ಹಿಂದೆ ದೊಡ್ಡಮಲ್ಲಪ್ಪನವರು. ಮೊದಲ ಮನೆಯ ಬಟ್ಟೆ ಬಿಚ್ಚಿದರೆ ಅಚ್ಚ ಬಿಳುಪು. ಎರಡನೆಯದೂ ಹಾಗೇ. ಐದು, ಆರು, ಏಳು. ಒಂದರಲ್ಲಿ ತುಕ್ಕಿನ ಚೂರಿತ್ತು, ಇನ್ನೊಂದರಲ್ಲಿ ಮರಳಿನ ಕಾಳು. ಹನ್ನೆರಡು ಮನೆ ದಾಟಿದರೂ ಏನೂ ಇಲ್ಲ. ಪುಟ್ಟಮಾದಯ್ಯ ಕೆಳಗೆ ಕೇರಿಯ ಕಡೆ ನೋಡಿದ. ಎಲ್ಲೂ ಸಿಗದೆ ಕೇರಿಯ ನಲ್ಲಿಯೊಂದರಲ್ಲೇ ಹೊಟ್ಟು ಸಿಕ್ಕಿದರೆ? ತನ್ನ ಕೈಯಾರೆ ತನ್ನ ಕೇರಿಯ ನೀರು ನಿಲ್ಲಿಸಿದ ಹಾಗಾಗುತ್ತದೆ.

ಹದಿಮೂರನೆಯದು ಶಾಂತಮಲ್ಲಮ್ಮನ ಮನೆ. ಗಂಗಾಂಬಿಕೆ, "ಇವ್ರ್ ನಲ್ಲಿಗೆ ಕಟ್ಟಕಾಗ್ಲಿಲ್ಲ, ರಬ್ಬರ್ ಪೈಪ್ ಸಿಕ್ಸಿದ್ರು, ಬಿಟ್ಬುಟ್ಟೆ" ಅಂದಳು. ಸರಿ ಅಂತ ಹದಿನಾಲ್ಕಕ್ಕೆ ಹೋದರು.

ಹದಿನಾಲ್ಕನೆಯ ಮನೆಯ ಬಟ್ಟೆ ಕಂದು ಬಣ್ಣಕ್ಕೆ ತಿರುಗಿತ್ತು. ನಡುವೆ ಬೂಸಾದ ಹೊಟ್ಟು ಅಂಟಿಕೊಂಡಿತ್ತು, ಒಂದೆರಡು ಹುರುಳಿ ಸಿಪ್ಪೆ. ಶಂಕರ್ ಮೂಸಿ ಮುಖ ಹಿಂದಕ್ಕೆಳೆದುಕೊಂಡ. ಹದಿನೈದು, ಹದಿನಾರು, ಹದಿನೇಳು, ಕೆಳಗಿನವರೆಗೂ ಅದೇ ಕಥೆ. ದೊಡ್ಡಮಲ್ಲಪ್ಪನವರ ಸೊಸೆ ಬಟ್ಟೆಯನ್ನೂ ತುಂಬಿದ ಕೊಡವನ್ನೂ ನೋಡಿ, ಕೊಡದ ನೀರನ್ನು ಅಲ್ಲೇ ಚರಂಡಿಗೆ ಚೆಲ್ಲಿ, ಸೆರಗು ಬಾಯಿಗೊತ್ತಿಕೊಂಡು ಅತ್ತಳು. ಅದನ್ನೇ ಅವಳು ಸ್ನಾನ ಮಾಡಿ, ಮಡಿಯಲ್ಲಿ ಹಿಡಿದು, ಮಗಳಿಗೆ ಕುಡಿಸಿದ್ದಳು.

ಪುಟ್ಟಮಾದಯ್ಯ ಅಲ್ಲಿ ನಿಲ್ಲಲಿಲ್ಲ. ವಾಪಸು ಹದಿಮೂರನೆಯ ಮನೆಗೆ ಬಂದು ಕೊಟ್ಟಿಗೆಗೆ ಹೋದ. ನಲ್ಲಿಗೆ ಹಸಿರು ರಬ್ಬರ್ ಪೈಪು. ಅದರ ಇನ್ನೊಂದು ತುದಿ ನೆಲಕ್ಕೆ ಹೂತ ಕಲ್ಲುಬಾನಿಯೊಳಗೆ, ಕಲಗಚ್ಚಿನ ತಳಕ್ಕೆ ಮುಳುಗಿತ್ತು. ಬೀದಿಯಲ್ಲಿ ಇಪ್ಪತ್ತೆಂಟು ಮನೆ ಇದ್ದವು. ಯಾವುದಾದರೂ ಆಗಬಹುದಿತ್ತು, ಇದೊಂದಾಗಬಾರದಿತ್ತು.

"ಈ ಪೈಪು ಯಾವಾಗ ತಂದ್ರಿ ಅವ್ವಾ?"

"ಮೂರು ವಾರ ಆಯ್ತು ಕಣಪ್ಪ. ಮಂಡಿನೋವು, ಕೊಡ ಎತ್ತಕಾಗದು," ಅಂದಳು ಶಾಂತಮಲ್ಲಮ್ಮ. "ನಲ್ಲಿ ತಿರುಗ್ಸಿ ಹಂಗೇ ಬುಟ್ಬುಡ್ತೀನಿ. ನೀರು ಬಂದೇಟ್ಗೆ ಬಾನಿಗೆ ಬೀಳ್ತದ. ಮೊದಲ್ನೀರು ಹಸೀಗೆ, ಅದು ನನ್ ಮೀಸ್ಲು. ಬಾನಿ ತುಂಬಿದ್ಮೇಲೆ ನಾನು ಹಿಡ್ಕಳೋದು."

ಬಗೆಹರಿಯದೆ ಉಳಿದದ್ದು ಈಗ ಬಗೆಹರಿಯಿತು. ಅವಳ ಮನೆಗೆ ಏನೂ ಆಗದೆ ಇದ್ದದ್ದಕ್ಕೆ ಕಾರಣ ಅವಳ ಭಕ್ತಿಯೇ. ಬೀದಿಗೆಲ್ಲ ಆದದ್ದಕ್ಕೂ ಅದೇ. ಹೇಗೆ ಹೇಳುವುದು? ಹೇಳದೆ ನಡೆದುಬಿಡಲೇ ಅಂತ ಒಂದು ಗಳಿಗೆ ಅನ್ನಿಸಿದ್ದು ಸುಳ್ಳಲ್ಲ. ಅಷ್ಟರಲ್ಲಿ ಕೇರಿಯ ಕಡೆಯಿಂದ ಪ್ಲಂಬರನ ಸೈಕಲ್ ಗಂಟೆ ಕೇಳಿತು.

"ಅವ್ವಾ, ಕ್ವಾಪ ಮಾಡ್ಕಬೇಡಿ. ನಾನು ಮೇಲ್ಗಡೆ ಓಗಿ ವಾಲ್ವು ನಿಲ್ಲುಸ್ತೀನಿ. ನೀವು ಇಲ್ಲೇ ನಿಂತು ಬಾನಿ ನೋಡ್ತಾ ಇರಿ. ಬೇರೆ ಏನೂ ಬ್ಯಾಡ."

ಅವನು ಹೋಗಿ ವಾಲ್ವು ಕಟ್ಟಿದ. ಕೊಟ್ಟಿಗೆಯಲ್ಲಿ ಆಗಲೇ ಹತ್ತು ಹದಿನೈದು ಜನ ಸೇರಿದ್ದರು. ಅವನು ಮರಳಿ ಬರುವಷ್ಟರಲ್ಲಿ ಎಲ್ಲರೂ ಬಾನಿಯ ಮೇಲೆ ಬಗ್ಗಿದ್ದರು. ಕಂಠಮಟ್ಟ ತುಂಬಿದ್ದ ಬಾನಿ ಇಳಿಯುತ್ತಿತ್ತು. ಹಸುಗಳು ಕಟ್ಟಿದಲ್ಲೇ ಮೆಲುಕು ಹಾಕುತ್ತಿದ್ದವು, ಬಾಯಿ ಹಾಕಿದವರು ಯಾರೂ ಇಲ್ಲ, ಆದರೂ ಕಲಗಚ್ಚು ಗೇಣು ಇಳಿಯಿತು, ಇನ್ನೊಂದು ಗೇಣು ಇಳಿಯಿತು. ಕೊನೆಗೆ ಪೈಪಿನ ತುದಿ ಬಯಲಾಗಿ ಗೊರಗೊರ ಅಂತ ಗಾಳಿ ಹೀರಿಕೊಂಡಿತು.

"ವಾಲ್ವು ಕಟ್ಟಿದ್ಮೇಲೆ ಪೈಪಲ್ಲಿರೋ ನೀರು ಕೆಳಕ್ಕೆ ಇಳೀತದೆ," ಅಂತ ಶಂಕರ್ ಎಲ್ಲರಿಗೂ ಕೇಳುವಂತೆ ಹೇಳಿದ. "ಇಳಿಯುವಾಗ ಹಿಂದಿನಿಂದ ಎಳ್ಕೊಳ್ಳುತ್ತೆ. ಗಾಳಿ ಸಿಕ್ಕಿದ್ರೆ ಗಾಳಿ, ಬಾನಿ ಸಿಕ್ಕಿದ್ರೆ ಬಾನಿ."

ದೊಡ್ಡಮಲ್ಲಪ್ಪನವರು ಇಷ್ಟು ವರ್ಷ ವ್ಯಾಪಾರ ಮಾಡಿದವರು, ಬುದ್ಧಿ ಚುರುಕು. "ಕೆಳಕ್ಕೆ ಇಳಿಯೋದು ಎಲ್ಲಿಗೆ? ಕೇರಿ ನಲ್ಲಿಗೆ ತಾನೇ? ನೀನು ನಿಲ್ಲಿಸಿದ್ಮೇಲೂ ಅರ್ಧ ಗಂಟೆ ಅವ್ರು ಉಳಿಕೆ ನೀರು ಹಿಡೀತಾರೆ. ಆ ನಲ್ಲಿ ಇಲ್ದಿದ್ರೆ ಈ ಪೈಪು ಎಳೀತಿತ್ತಾ? ದೇವ್ರಾಣೆ ಯೋಳ್ಲಾ."

ಎಲ್ಲರೂ ಪುಟ್ಟಮಾದಯ್ಯನ ಮುಖ ನೋಡಿದರು. ಸುಳ್ಳು ಹೇಳಬಹುದಿತ್ತು. ಯಾರಿಗೂ ಗೊತ್ತಾಗುತ್ತಿರಲಿಲ್ಲ.

"ಇಷ್ಟು ಎಳೀತಿರ್ನಿಲ್ಲ ಬುದ್ದಿ," ಅಂದ. ಅಂದ ಮೇಲೆ ಎಲ್ಲ ಮುಗಿಯಿತು ಅನ್ನಿಸಿ ತಲೆ ತಗ್ಗಿಸಿದ.

ಆಗ ಶಾಂತಮಲ್ಲಮ್ಮ ಮುಂದೆ ಬಂದಳು. ಸೂರಿಗೆ ಸಿಕ್ಕಿಸಿದ್ದ ಹುಲ್ಲು ಕೊಯ್ಯುವ ಕುಡ್ಲು ತೆಗೆದುಕೊಂಡು, ಮಂಡಿ ನೋವಿಗೆ ಉಸ್ಸೆನ್ನುತ್ತಾ ಬಗ್ಗಿ, ನಲ್ಲಿಯ ಬಾಯಿಂದ ಗೇಣುದ್ದ ಮಾತ್ರ ಬಿಟ್ಟು ರಬ್ಬರ್ ಪೈಪನ್ನು ಕೊಯ್ದಳು. ಕೊಯ್ದದ್ದನ್ನು ಬೀದಿಗೆ ಎಸೆದಳು.

"ತಪ್ಪು ನನ್ ಮನೇದು," ಅಂದಳು. "ಮಲ್ಲಪ್ಪಣ್ಣ, ನಿನ್ ಮೊಮ್ಮಗೀಗೆ ಕಲಗಚ್ಚು ಕುಡ್ಸಿದವ್ಳು ನಾನು. ಏನನ್ಬೇಕೋ ನನ್ನ ಅನ್ನು. ಹಸೀಗೆ ನೀರು ಕೊಡಕೆ ನಂಗೆ ಕೈ ಅದ. ಆ ಹೆಣ್ಮಕ್ಳಿಗೆ ಬೇರೆ ನಲ್ಲಿ ಎಲ್ಲದ?" ಆಮೇಲೆ ಅಲ್ಲೇ ಬಾನಿಯ ಅಂಚಿನ ಮೇಲೆ ಕೂತು ಮುಖ ಮುಚ್ಚಿಕೊಂಡಳು. ಗಂಗಾಂಬಿಕೆ ಹೋಗಿ ಅವಳ ಹೆಗಲು ಹಿಡಿದು ಕೂತಳು.

ಶಂಕರ್ ಆ ಹೊತ್ತಿಗೆ ಧೈರ್ಯ ತಂದುಕೊಂಡಿದ್ದ. ಮೊದಲು ಎಲ್ಲರ ಮನೆಯ ಪೈಪು ನೋಡಬೇಕು ಅಂದ. ನೋಡಿದರೆ ಇನ್ನೂ ನಾಲ್ಕು ಸಿಕ್ಕವು: ಎರಡು ತೊಟ್ಟಿಯಲ್ಲಿ, ಒಂದು ಪಾತ್ರೆ ತೊಳೆಯುವ ಬಕೆಟ್ಟಿನಲ್ಲಿ, ಒಂದು ದೊಡ್ಡಮಲ್ಲಪ್ಪನವರ ಬಚ್ಚಲ ಹಂಡೆಯಲ್ಲಿ. ನೀರು ಬಂದದ್ದು ಸದ್ದಿನಿಂದ ಗೊತ್ತಾಗಲಿ ಅಂತ ಎಲ್ಲರೂ ನಲ್ಲಿ ತೆರೆದಿಟ್ಟೇ ಮಲಗುವವರು. ತಮ್ಮ ಹಂಡೆಯಿಂದ ಎಳೆದ ಪೈಪನ್ನು ದೊಡ್ಡಮಲ್ಲಪ್ಪನವರು ಬಹಳ ಹೊತ್ತು ಕೈಲಿ ಹಿಡಿದು ನಿಂತಿದ್ದರು.

ಎಂಟಕ್ಕೆ ಇನ್ನು ಹತ್ತು ನಿಮಿಷ ಇತ್ತು. ಪುಟ್ಟಮಾದಯ್ಯ ಕೇರಿಗೆ ಓಡಿದ. ನಲ್ಲಿಕಟ್ಟೆಯ ಸುತ್ತ ಹೆಂಗಸರು ಖಾಲಿ ಬಿಂದಿಗೆಗಳನ್ನು ಒತ್ತೊತ್ತಾಗಿ ಜೋಡಿಸಿ ನಡುವೆ ನಿಂತಿದ್ದರು. ಪ್ಲಂಬರ್ ಆಚೆ ಕೂತು ಬೀಡಿ ಸೇದುತ್ತಿದ್ದ. ದೊಡ್ಡಮಾದಮ್ಮ ಗಂಡನ ಮುಖದಲ್ಲಿ ಉತ್ತರ ಹುಡುಕಿದಳು. ಅವನಿಗೇ ಗೊತ್ತಿರಲಿಲ್ಲ, ಏನಂತ ಹೇಳಿಯಾನು?

ಹಿಂದೆಯೇ ಶಂಕರ್ ಬಂದ. ಅವನ ಹಿಂದೆ, ಕೋಲೂರಿಕೊಂಡು, ನಿಧಾನವಾಗಿ ದೊಡ್ಡಮಲ್ಲಪ್ಪನವರು. ಅವರು ಹಿಂದೆ ಯಾವತ್ತಾದರೂ ಕೇರಿಗೆ ಕಾಲಿಟ್ಟದ್ದನ್ನು ನೋಡಿದವರು ಅಲ್ಲಿ ಯಾರೂ ಇರಲಿಲ್ಲ. ಅವರು ನಲ್ಲಿಯನ್ನು ನೋಡಿದರು, ಬಿಂದಿಗೆಗಳನ್ನು ನೋಡಿದರು.

"ಉಳಿಕೆ ನೀರು ಬುಟ್ಬುಟ್ರೆ ನಿಮ್ಗೆ ಎಷ್ಟು ಬಿಂದಿಗೆ ಕಮ್ಮಿ ಬೀಳ್ತದವ್ವ?" ಅಂತ ದೊಡ್ಡಮಾದಮ್ಮನನ್ನು ಕೇಳಿದರು.

"ಐವತ್ತರುವತ್ತು ಆಯ್ತದ ಬುದ್ದಿ. ಒಂದೇ ನಲ್ಲಿ, ನಲವತ್ತು ಮನೆ."

"ಇಂಜಿನಿಯರೇ, ಇನ್ಮುಂದೆ ಅರ್ಧ ಗಂಟೆ ಜಾಸ್ತಿ ನೀರು ಬುಡ್ಸಿ. ವಾಲ್ವು ಕಟ್ಟೋ ಮುಂಚೆ ಇವ್ರು ನಲ್ಲಿ ನಿಲ್ಲುಸ್ಬುಡ್ಲಿ, ಎಳೆಯೋದೇ ಬ್ಯಾಡ. ನಮ್ ಬೀದೀಲಿ ಯಾರಾರ ಪೈಪು ಮುಳುಗ್ಸಿದ್ರೆ ನಾನು ನೋಡ್ಕತೀನಿ." ಆಮೇಲೆ ಅಂದರು, "ಆ ಅರ್ಜೀನ ಹರ್ದಾಕ್ಬುಡಿ. ಮೊದಲ್ನೇ ಸಹಿ ನಂದೇ."

ಪುಟ್ಟಮಾದಯ್ಯನಿಗೆ ಅಳು ಬಂತು. ಐವತ್ತು ದಾಟಿದ ಗಂಡಸು, ಹೆಂಗಸರೆಲ್ಲರ ಎದುರಿಗೆ ನಲ್ಲಿಕಟ್ಟೆಯ ಮೇಲೆ ಕೂತು ಅತ್ತ. ಯಾರೂ ನಗಲಿಲ್ಲ. ಪ್ಲಂಬರ್ ಬೀಡಿ ಹೊಸಕಿ, ಡಮ್ಮಿಯನ್ನು ಚೀಲಕ್ಕೆ ಹಾಕಿಕೊಂಡ.

ಬಿಸಿಲೇರಿತ್ತು. ದೊಡ್ಡಮಲ್ಲಪ್ಪನವರು ಹಣೆ ಒರೆಸಿಕೊಂಡು, ಕೋಲನ್ನು ಕೈ ಬದಲಿಸಿಕೊಂಡು, ಯಾರ ಕಡೆಗೂ ನೋಡದೆ ಕೇಳಿದರು: "ಒಂದು ಲೋಟ ನೀರು ಕೊಡವ್ವ."

ದೊಡ್ಡಮಾದಮ್ಮ ಸೆರಗು ಸರಿಮಾಡಿಕೊಂಡಳು.

"ಇವತ್ತಿಂದು ಬ್ಯಾಡಿ ಬುದ್ದಿ, ಕೆಟ್ಟದ್ದು. ಲೈನು ಪೂರ್ತಿ ತೊಳೀಬೇಕು ಅಂತವ್ರೆ. ಸೋಮವಾರ ಬನ್ನಿ, ಕೊಡ್ತೀನಿ."

"ಬತ್ತೀನಿ," ಅಂದರು ಅವರು.

ಶುಕ್ರವಾರ, ಶನಿವಾರ ಎರಡು ದಿನವೂ ಶಂಕರ್ ನಿಂತು ಲೈನು ತೊಳೆಸಿದ. ಬ್ಲೀಚಿಂಗ್ ಪೌಡರಿನ ವಾಸನೆ ಬೀದಿಗೆಲ್ಲ ಹಬ್ಬಿತ್ತು. ಸೋಮವಾರ ಪುಟ್ಟಮಾದಯ್ಯ ನೀರು ಬಿಟ್ಟು ಕೇರಿಗೆ ಇಳಿದು ಬರುವಷ್ಟರಲ್ಲಿ ದೊಡ್ಡಮಲ್ಲಪ್ಪನವರು ಬಂದು ನಿಂತಿದ್ದರು. ಒಬ್ಬರೇ ಬಂದಿರಲಿಲ್ಲ. ಸೊಂಟದ ಮೇಲೆ ಪುಟ್ಟಿ ಇದ್ದಳು, ಹಿಂದಿನ ದಿನ ಆಸ್ಪತ್ರೆಯಿಂದ ಬಂದವಳು, ಮುಖ ಇಷ್ಟಕ್ಕಿಷ್ಟಾಗಿತ್ತು, ಆದರೆ ಕಣ್ಣು ಎಲ್ಲ ಕಡೆ ಓಡುತ್ತಿತ್ತು. ದೊಡ್ಡಮಾದಮ್ಮ ಲೋಟ ತುಂಬಿ ಅವರ ಕಡೆ ಚಾಚಿದಳು.

ಅವರು ಲೋಟ ಇಸಕೊಂಡು, ತಾವು ಕುಡಿಯದೆ, ಮೊಮ್ಮಗಳ ಬಾಯಿಗೆ ಹಿಡಿದರು.